ಶೀತ ಏಳುವ ಹಳೆಯ ಗಾರೆ ನೆಲದ ದುರಸ್ತಿ

ಮಳೆಗಾಲ ಹಿಡಿದ ಮೇಲೆ ಮಲೆನಾಡಿನ ಹಳೆಯ ಮನೆಗಳಲ್ಲಿ ನೆಲ ಒದ್ದೆಯಾಗುವುದು ಯಾರಿಗೂ ಹೊಸ ಸಂಗತಿಯಲ್ಲ. ಚಾಪೆಯ ಅಡಿಗೆ ಬೂಸಲು ಹಿಡಿಯುತ್ತದೆ, ಅಕ್ಕಿಯ ಮೂಟೆಯನ್ನು ಹಲಗೆಯ ಮೇಲೆ ಏರಿಸಿಡಬೇಕಾಗುತ್ತದೆ, ಗೋಡೆಯ ಬುಡದಲ್ಲಿ ಸುಣ್ಣ ಹಕ್ಕಳೆಗಟ್ಟಿ ಉದುರುತ್ತದೆ. ಇದೆಲ್ಲವನ್ನೂ ನಾವು ‘ನೆಲ ಶೀತ ಏಳುತ್ತದೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ವಾಸ್ತವದಲ್ಲಿ ಈ ಒದ್ದೆಗೆ ಎರಡು ಬೇರೆ ಬೇರೆ ಮೂಲಗಳಿದ್ದು, ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ಕಿಂಚಿತ್ತೂ ಉಪಯೋಗಕ್ಕೆ ಬರುವುದಿಲ್ಲ. ಒಂದು, ನೆಲದಡಿಯ ಮಣ್ಣಿನಿಂದ ಕಾಂಕ್ರೀಟಿನೊಳಗೆ ಹೀರಿಕೊಂಡು ಮೇಲೇರುವ ನೀರು. ಇನ್ನೊಂದು, ಗಾಳಿಯಲ್ಲಿರುವ ತೇವವು ತಣ್ಣನೆಯ ನೆಲಕ್ಕೆ ತಾಗಿ ಹನಿಗಟ್ಟುವುದು, ಅಂದರೆ ನೆಲ ಬೆವರುವುದು. ಗಾಳಿಯ ಉಷ್ಣತೆ 26 ಡಿಗ್ರಿ ಸೆಲ್ಸಿಯಸ್ ಮತ್ತು ಸಾಪೇಕ್ಷ ಆರ್ದ್ರತೆ ಶೇ. 90 ಇದ್ದಾಗ, ಸುಮಾರು 24 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈಯಾದರೂ ಬೆವರಲೇಬೇಕು. ದಿನವಿಡೀ ಒಲೆ ಉರಿಯುತ್ತಿದ್ದ ಕಾಲದಲ್ಲಿ ಈ ಬೆವರಿನ ಕಾಟ ಕಡಿಮೆಯಿತ್ತು. ಗ್ಯಾಸ್ ಬಂದು ಒಲೆ ಆರಿದ ಮನೆಗಳಲ್ಲಿ ಅದು ಹೆಚ್ಚಾಗಿ ಕಾಣುತ್ತದೆ.

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಮನೆ ಜಂಬಿಟ್ಟಿಗೆ ಕಲ್ಲಿನದು. ಮಣ್ಣಿನ ನೆಲವನ್ನು ತೆಗೆದು ಗಾರೆ ಮಾಡಿಸಿದ್ದು 1970ರ ದಶಕದಲ್ಲಿ, ಅಪ್ಪಯ್ಯನ ಕಾಲದಲ್ಲಿ. ಉಗ್ರಾಣ ಮತ್ತು ಅಡಿಗೆಮನೆಯ ನೆಲ ಮಳೆಗಾಲದುದ್ದಕ್ಕೂ ಕಪ್ಪಾಗಿ ಒದ್ದೆ ಇರುತ್ತಿತ್ತು. ನಡುಮನೆಯ ನೆಲದಲ್ಲಿ ಬಿರುಕುಗಳೂ ಟೊಳ್ಳುಗಳೂ ಇದ್ದವು. ಮನೆಯನ್ನು ನೋಡಲು ಬಂದವರೆಲ್ಲ ನೆಲದ ಮೇಲೆ ಏನನ್ನು ಬಳಿಯಬೇಕು, ಏನನ್ನು ಹಾಸಬೇಕು ಎಂದು ಹೇಳಿದರೇ ಹೊರತು ನೀರು ಎಲ್ಲಿಂದ ಬರುತ್ತಿದೆ ಎಂದು ಕೇಳಿದವರು ವಿರಳ.

ಅದನ್ನು ಕಂಡುಕೊಳ್ಳಲು ದೊಡ್ಡ ಸಲಕರಣೆಯೇನೂ ಬೇಕಿಲ್ಲ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಒರೆಸಿದ ನೆಲದ ಮೇಲೆ ಹರವಿ, ನಾಲ್ಕೂ ಅಂಚನ್ನು ಗಾಳಿಯಾಡದಂತೆ ಅಗಲವಾದ ಟೇಪಿನಿಂದ ಅಂಟಿಸಿ, ಕನಿಷ್ಠ 16 ಗಂಟೆ ಹಾಗೆಯೇ ಬಿಡಬೇಕು. ವಸ್ತುಗಳ ಪರೀಕ್ಷೆಗೆ ಮಾನದಂಡ ರೂಪಿಸುವ ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಡಿ 4263 ಎಂಬ ಪರೀಕ್ಷಾ ಕ್ರಮ ಹೇಳುವುದೂ ಇಷ್ಟನ್ನೇ. ಹಾಳೆಯ ಒಳಮೈಯಲ್ಲಿ ಹನಿಗಳು ಕೂತಿದ್ದರೆ ಅಥವಾ ಅದರಡಿಯ ನೆಲದ ಬಣ್ಣ ಗಾಢವಾಗಿದ್ದರೆ ನೀರು ಕೆಳಗಿನಿಂದ ಬರುತ್ತಿದೆ. ಹಾಳೆಯ ಮೇಲ್ಮೈ ಮಾತ್ರ ಒದ್ದೆಯಾಗಿ ಒಳಗೆ ಒಣಗಿದ್ದರೆ ಅದು ಬೆವರು. ಕೋಣೆಯ ನಡುವೆ ಒಂದು ಹಾಳೆ, ಹೊರಗೋಡೆಯ ಬುಡದಲ್ಲಿ ಇನ್ನೊಂದು ಹಾಳೆ ಇಡುವುದು ಒಳ್ಳೆಯದು, ಏಕೆಂದರೆ ಎರಡು ಕಡೆಯ ಉತ್ತರ ಬೇರೆಯಾಗಿರಬಹುದು. ನಮ್ಮಲ್ಲಿ ಜಗಲಿ ಮತ್ತು ನಡುಮನೆಯ ಹಾಳೆಗಳು ಮೇಲೆ ಮಾತ್ರ ನೆನೆದಿದ್ದವು. ಅಡಿಗೆಮನೆಯ ಹಾಳೆಯ ಒಳಗೆ ಸಣ್ಣ ಸಣ್ಣ ಹನಿಗಳು ಒತ್ತೊತ್ತಾಗಿ ಕೂತಿದ್ದವು. ಉಗ್ರಾಣದಲ್ಲಿ, ಹಿಂದಿನ ಗೋಡೆಯ ಕಡೆಗಿದ್ದ ಹಾಳೆಯ ಅಂಚಿನಲ್ಲಿ ನೀರು ಗೆರೆಯಾಗಿ ನಿಂತಿತ್ತು. ಆದ್ದರಿಂದ ಒಡೆಯಬೇಕಾದದ್ದು ಹಿಂದಿನ ಎರಡು ಕೋಣೆಗಳ ನೆಲವನ್ನು ಮಾತ್ರ ಎಂದು ತೀರ್ಮಾನವಾಯಿತು. ಜಗಲಿಗೆ ಏನನ್ನೂ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ.

ಒಳಗೆ ಹಾರೆ ಹಾಕುವ ಮೊದಲು ಮನೆಯ ಸುತ್ತ ಒಂದು ಸುತ್ತು ಬರಬೇಕು. ನಮ್ಮ ಮನೆಯ ಹಿಂದೆ, ಈ ಸೀಮೆಯ ಬಹುಪಾಲು ಮನೆಗಳ ಹಿಂದೆ ಇರುವಂತೆ, ಗುಡ್ಡ ಕಡಿದ ದರೆ ಇದೆ. ಮಳೆ ಬಲಿತ ಮೇಲೆ ದರೆಯ ಬುಡದಲ್ಲಿ ಒರತೆ ಏಳುತ್ತದೆ. ವರ್ಷವರ್ಷವೂ ಜರಿದ ಮಣ್ಣು ಹಿತ್ತಲಲ್ಲೇ ಹರಡಿಕೊಂಡು, ಒಂದೂವರೆ ಅಡಿಯಷ್ಟಿದ್ದ ಪಂಚಾಂಗದ, ಅಂದರೆ ಗೋಡೆಯ ಕೆಳಗಿನ ಕಲ್ಲುಕಟ್ಟಡದ, ಎತ್ತರ ಹಿಂಬದಿಯಲ್ಲಿ ಹೆಚ್ಚುಕಡಿಮೆ ಇಲ್ಲವಾಗಿತ್ತು. ಮಣ್ಣನ್ನು ಕೆರೆದಾಗ ಹೂತುಹೋಗಿದ್ದ ಪಂಚಾಂಗದ ಕಲ್ಲಿನ ಸಾಲುಗಳು ಹೊರಬಂದವು. ಅಡಿಗೆಮನೆಯ ನೆಲವೂ ಹಿತ್ತಲೂ ಒಂದೇ ಮಟ್ಟಕ್ಕೆ ಬಂದಿದ್ದರೆ ನೆಲದ ಮೇಲೆ ಯಾವ ಲೇಪ ಬಳಿದೂ ಪ್ರಯೋಜನವಿಲ್ಲ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವವರು ಸಹ ಹಳೆಯ ಮಟ್ಟದ ಮೇಲೆಯೇ ಮರಳು ಸುರಿದು ಕಲ್ಲು ಜೋಡಿಸಿ, ಪಂಚಾಂಗವನ್ನು ನಾಲ್ಕೈದು ಇಂಚು ನುಂಗಿಸುವುದನ್ನು ಎಷ್ಟೋ ಕಡೆ ಕಂಡಿದ್ದೇನೆ.

ಹಿತ್ತಲಿನ ಮಣ್ಣನ್ನು ತೆಗೆಸಿ, ದರೆಗೂ ಗೋಡೆಗೂ ನಡುವೆ, ಗೋಡೆಯಿಂದ ಮೂರಡಿ ದೂರದಲ್ಲಿ, ಬಸಿಗಾಲುವೆ ತೋಡಿಸಿದೆವು. ಅಡಿಕೆ ತೋಟದಲ್ಲಿ ಬೇರಿನ ಮಟ್ಟಕ್ಕಿಂತ ಕೆಳಗೆ ಬಸಿಗಾಲುವೆ ತೆಗೆದು ಜಲಮಟ್ಟವನ್ನು ಇಳಿಸುವ ಕೆಲಸ ಇಲ್ಲಿ ಎಲ್ಲರಿಗೂ ಗೊತ್ತು. ಮನೆಯ ಬುಡಕ್ಕೂ ಅದೇ ಲೆಕ್ಕ ಅನ್ವಯಿಸುತ್ತದೆ ಎಂಬುದು ಮಾತ್ರ ಏಕೋ ಹೊಳೆಯುವುದಿಲ್ಲ. ಕಾಲುವೆಯ ತಳ ಒಳಗಿನ ನೆಲದ ಜಲ್ಲಿಪದರಕ್ಕಿಂತ ಕೆಳಗಿರಬೇಕು, ನೂರು ಅಡಿಗೆ ಒಂದು ಅಡಿಯಷ್ಟಾದರೂ ಇಳುಕಲಿರಬೇಕು. ತಳದಲ್ಲಿ ತೂತು ಕೊರೆದ ನಾಲ್ಕಿಂಚಿನ ಪಿವಿಸಿ ಪೈಪ್ ಇಟ್ಟು, ಮಣ್ಣು ನುಗ್ಗದಂತೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿದ ಜಲ್ಲಿಯನ್ನು ತುಂಬಿಸಿದೆವು. ಸೂರಿನ ನೀರಿಗೆ ದೋಣಿ, ಅಂದರೆ ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ತೆರೆದ ಕೊಳವೆ, ಕಟ್ಟಿಸಿ ಬೇರೆಯೇ ದಾರಿ ಮಾಡಿದೆವು. 100 ಚದರ ಮೀಟರ್ ಮಾಡಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಅದು 10,000 ಲೀಟರ್ ನೀರು. ಆಷಾಢದಲ್ಲಿ ಒಂದೇ ದಿನಕ್ಕೆ ಅಷ್ಟು ಮಳೆಯಾಗುವುದು ಇಲ್ಲಿ ಅಪರೂಪವಲ್ಲ, ಮತ್ತು ದೋಣಿಯಿಲ್ಲದ ಮನೆಯಲ್ಲಿ ಆ ನೀರೆಲ್ಲ ಗೋಡೆಯ ಬುಡಕ್ಕೇ ಬೀಳುತ್ತದೆ. ಕೈಯಲ್ಲಿ ಹಣ ಕಡಿಮೆಯಿದ್ದವರು ಈ ಹೊರಗಿನ ಕೆಲಸವೊಂದನ್ನೇ ಮಾಡಿಸಿ ಒಂದು ಮಳೆಗಾಲ ಕಾದು ನೋಡುವುದು ಜಾಣತನ. ಅರ್ಧಕ್ಕರ್ಧ ಮನೆಗಳಲ್ಲಿ ಅಷ್ಟೇ ಸಾಕಾದೀತು ಎಂಬುದು ನನ್ನ ಅಂದಾಜು.

ಹೊರಗಿನ ನೀರನ್ನು ತಿರುಗಿಸಿದ ಮೇಲೂ ಮಣ್ಣಿನೊಳಗಿನ ತೇವ ಏರುವುದು ನಿಲ್ಲುವುದಿಲ್ಲ, ಏಕೆಂದರೆ ಸಣ್ಣ ರಂಧ್ರಗಳು ನೀರನ್ನು ತಾವಾಗಿಯೇ ಮೇಲಕ್ಕೆಳೆಯುತ್ತವೆ. ರಂಧ್ರದ ಅಗಲ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವಿದ್ದರೆ ನೀರು ಸುಮಾರು 30 ಸೆಂ.ಮೀ. ಏರಬಲ್ಲದು, ನೂರನೆಯ ಒಂದು ಭಾಗವಿದ್ದರೆ 3 ಮೀಟರ್. ಅದೇ ಒಂದು ಸೆಂಟಿಮೀಟರ್ ಅಗಲದ ಸಂದಿಯಲ್ಲಿ ಅದು 3 ಮಿಲಿಮೀಟರ್ ಸಹ ದಾಟಲಾರದು. ಜಿಗುಟು ಮಣ್ಣಿನ ಮೇಲೆ ನೇರವಾಗಿ ಹಾಕಿದ ಗಾರೆ ಏಕೆ ಒದ್ದೆಯಾಗುತ್ತದೆ, ದಪ್ಪ ಜಲ್ಲಿಯ ಮೇಲೆ ಹಾಕಿದ್ದು ಏಕೆ ಒಣಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಮೇಲಿನಿಂದ ಬಳಿಯುವ ಲೇಪಗಳ ವಿಷಯದಲ್ಲಿ ನನ್ನ ಅನುಮಾನ ಹುಟ್ಟುವುದೂ ಇಲ್ಲಿಂದಲೇ. ನೀರು ಲೇಪದ ಹಿಂಬದಿಯಿಂದ ಬಂದು ಅದನ್ನು ನೆಲದಿಂದ ಕಳಚುವ ದಿಕ್ಕಿನಲ್ಲಿಯೇ ಒತ್ತುತ್ತದೆ. ಒದ್ದೆ ನೆಲಕ್ಕೆ ಬಳಿದ ಸಾಮಾನ್ಯ ಎಪಾಕ್ಸಿ ಬಣ್ಣ ಒಂದೆರಡು ಮಳೆಗಾಲದಲ್ಲಿ ಬೊಬ್ಬೆಯೆದ್ದು ಸಿಪ್ಪೆಯಾಗಿ ಬರುವುದು ಈ ಕಾರಣದಿಂದ. ವಿಟ್ರಿಫೈಡ್ ಟೈಲ್ ಹಾಕಿಸಿದರೆ ಟೈಲೇನೋ ಒಣಗಿಯೇ ಕಾಣುತ್ತದೆ, ಅದು ಹೀರುವ ನೀರು ತನ್ನ ತೂಕದ ಶೇ. 0.5ಕ್ಕಿಂತಲೂ ಕಡಿಮೆ. ಆದರೆ ಅಡಿಯ ತೇವ ಎಲ್ಲಿಗೂ ಹೋಗಿರುವುದಿಲ್ಲ. ಅದು ಟೈಲುಗಳ ಸಂದಿಯಲ್ಲಿ ಬಿಳಿ ಉಪ್ಪಾಗಿ ಕಾಣಿಸಿಕೊಳ್ಳುತ್ತದೆ, ಇಲ್ಲವೇ ನೆಲದಲ್ಲಿ ಆರಲು ದಾರಿ ಕಾಣದೆ ಗೋಡೆಯನ್ನು ಏರುತ್ತದೆ. ಟೈಲ್ ಹಾಕಿಸಿದ ಮಾರನೆಯ ವರ್ಷ ಗೋಡೆ ಕೆಟ್ಟಿತೆಂದು ಬಣ್ಣ ಬಳಿದವನನ್ನು ಬೈಯುವ ಮನೆಗಳಿವೆ. ಪಾಪ, ಅವನ ತಪ್ಪೇನೂ ಇರುವುದಿಲ್ಲ.

ಉಗ್ರಾಣದ ನೆಲವನ್ನು ಒಡೆದಾಗ ಕಂಡದ್ದು ಹೀಗೆ: ಮೇಲೆ ಕಾಲಿಂಚಿನಷ್ಟು ಕೆಂಪು ಆಕ್ಸೈಡಿನ ಪದರ, ಅದರಡಿ ಒಂದೂವರೆ ಇಂಚು ಸಿಮೆಂಟ್ ಗಾರೆ, ಅದರ ಕೆಳಗೆ ಸುಣ್ಣ ಕಲಸಿದ ಇಟ್ಟಿಗೆ ಚೂರು, ಆಮೇಲೆ ನೇರವಾಗಿ ಕೆಂಪು ಮಣ್ಣು. ಕಿತ್ತ ಗಾರೆಯ ಹೆಂಟೆಗಳನ್ನು ಮಗುಚಿ ನೋಡಿದರೆ ಅಡಿಮೈ ಕಪ್ಪಗೆ ನೆನೆದಿತ್ತು, ಅದಕ್ಕೆ ಕೂದಲೆಳೆಯಂತಹ ಬೇರುಗಳು ಅಂಟಿಕೊಂಡಿದ್ದವು, ಗೋಡೆಯ ಮೂಲೆಯಲ್ಲಿ ಗೆದ್ದಲಿನ ಮಣ್ಣಿನ ಕೊಳವೆಗಳು ಸಾಲಾಗಿದ್ದವು. ಬೇಸಗೆಯ ನಡುವೆಯೂ ಆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತಿತ್ತು.

ಒಟ್ಟು ಹತ್ತು ಇಂಚು ಆಳಕ್ಕೆ ಮಣ್ಣು ತೆಗೆಸಿದೆವು. ಗೋಡೆಯ ಅಡಿಪಾಯ ಎಲ್ಲಿಯವರೆಗೆ ಇಳಿದಿದೆ ಎಂಬುದನ್ನು ಒಂದು ಮೂಲೆಯಲ್ಲಿ ಅಗೆದು ಖಚಿತಪಡಿಸಿಕೊಳ್ಳದೆ ಇಷ್ಟು ಆಳಕ್ಕೆ ಹೋಗಬಾರದು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆಯ ಬುಡವನ್ನು ಬಯಲು ಮಾಡಿದರೆ ಅಪಾಯ. ಗೆದ್ದಲಿಗಾಗಿ ಮಣ್ಣಿನ ಮೇಲೆ ಶೇ. 1ರ ಕ್ಲೋರ್‌ಪೈರಿಫಾಸ್ ಕೀಟನಾಶಕದ ದ್ರಾವಣವನ್ನು ಚದರ ಮೀಟರಿಗೆ 5 ಲೀಟರಿನಂತೆ ಹಾಕುವುದು ವಾಡಿಕೆಯ ಪ್ರಮಾಣ, ಅಂದರೆ 20 ಇಸಿ (ಶೇ. 20ರ ಸಾಂದ್ರ ದ್ರವ) ಔಷಧವಾದರೆ ಒಂದು ಪಾಲಿಗೆ 19 ಪಾಲು ನೀರು. ಉಗ್ರಾಣದಲ್ಲಿ ಹಾಗೆಯೇ ಮಾಡಿಸಿದೆವು. ಅಡಿಗೆಮನೆಯ ಗೋಡೆಗೆ ಬಾವಿ ತೀರ ಹತ್ತಿರವಿರುವುದರಿಂದ ಅಲ್ಲಿ ವಿಷ ಬೇಡವೆಂದು ಬಿಟ್ಟೆವು. ಗೆದ್ದಲನ್ನಾದರೂ ಸಹಿಸಬಹುದು, ಕುಡಿಯುವ ನೀರಿನ ವಿಷಯದಲ್ಲಿ ಸಾಹಸ ಸಲ್ಲದು.

ತಳವನ್ನು ದಮ್ಮಸು ಮಾಡಿ, ಅದರ ಮೇಲೆ ನಾಲ್ಕು ಇಂಚು 40 ಮಿ.ಮೀ. ಜಲ್ಲಿ ಹರಡಿಸಿದೆವು. 10 ಅಡಿ ಉದ್ದ, 12 ಅಡಿ ಅಗಲದ ಕೋಣೆಗೆ ಇದು 40 ಘನ ಅಡಿ. ‘ಹೆಗಡೇರೆ, ಸಂದಿಗೆ ಸ್ವಲ್ಪ ಡಸ್ಟ್ ಹೊಡಿಸಿ, ಗಟ್ಟಿ ಕೂರ್ತದೆ’ ಎಂದು ಮೇಸ್ತ್ರಿಗಳು ಒತ್ತಾಯಿಸಿದರು. ರಸ್ತೆಯ ಕೆಲಸಕ್ಕೆ ಅವರ ಮಾತು ಸರಿಯೇ. ಇಲ್ಲಿ ಜಲ್ಲಿ ಇರುವುದು ಸಂದಿಗಾಗಿಯೇ ಆದ್ದರಿಂದ, ಅದರೊಳಗೆ ಪುಡಿ ತುಂಬಿದರೆ ನೀರಿಗೆ ಮತ್ತೆ ಏಣಿ ಹಾಕಿಕೊಟ್ಟಂತಾಗುತ್ತದೆ. ಮಣ್ಣು ಮೆತ್ತಿದ ಜಲ್ಲಿಯನ್ನು ಹೊರಗೆ ತೊಳೆಸಿಯೇ ಒಳಗೆ ತಂದೆವು. ಜಲ್ಲಿಯ ಚೂಪು ಪ್ಲಾಸ್ಟಿಕ್ಕನ್ನು ಹರಿಯದಂತೆ ಮೇಲೊಂದು ತೆಳುವಾದ ಬಡ ಕಾಂಕ್ರೀಟನ್ನು, ಅಂದರೆ ಸಿಮೆಂಟು, ಮರಳು, ಜಲ್ಲಿಯ 1:4:8 ಮಿಶ್ರಣವನ್ನು, ಹೆಚ್ಚು ನೀರಿಲ್ಲದೆ ಕಲಸಿ ಎಳೆಸಿ ಮರದ ಮಣೆಯಿಂದ ನುಣುಪು ಮಾಡಿಸಿದೆವು.

ಪ್ಲಾಸ್ಟಿಕ್ ಹಾಳೆ 250 ಮೈಕ್ರಾನಿಗಿಂತ ತೆಳುವಾಗಿರಬಾರದು. ಅಂಗಡಿಯಲ್ಲಿ ಗೇಜಿನ ಲೆಕ್ಕದಲ್ಲಿ ಕೇಳುವುದಾದರೆ 1000 ಗೇಜ್. ಅಡಿಕೆ ಒಣಗಿಸಿ ಹಳತಾದ ಟಾರ್ಪಾಲನ್ನೇ ಹಾಸಿಬಿಡೋಣ ಎಂಬ ಸಲಹೆ ಮನೆಯಲ್ಲೇ ಬಂತು. ಬಿಸಿಲು ಕುಡಿದ ಪ್ಲಾಸ್ಟಿಕ್ ಒಳಗೊಳಗೇ ಪೆಡಸಾಗಿರುತ್ತದೆ, ಮಡಚಿದ ಗೆರೆಗಳಲ್ಲಿ ಕಣ್ಣಿಗೆ ಕಾಣದ ಸೀಳುಗಳಿರುತ್ತವೆ, ಆದ್ದರಿಂದ ಅದು ಈ ಕೆಲಸಕ್ಕೆ ಆಗದು. ಹಾಳೆಯಿಂದ ಹಾಳೆಗೆ ಒಂದಡಿ ಮೇಲುಹಾಸು ಬಿಟ್ಟು, ಎರಡೂ ಅಂಚಿಗೆ ಟೇಪ್ ಹಾಕಿಸಿದೆವು. ಕೆಲಸದವರು ಅದರ ಮೇಲೆ ಬರಿಗಾಲಲ್ಲೇ ಓಡಾಡಬೇಕೆಂದು ಹೇಳಿದ್ದಕ್ಕೆ ನಕ್ಕರೂ ಚಪ್ಪಲಿ ಹೊರಗೆ ಬಿಟ್ಟರು.

ಇಡೀ ಕೆಲಸದಲ್ಲಿ ಬಹುತೇಕ ಎಲ್ಲರೂ ಅಲಕ್ಷಿಸುವ ಜಾಗವೆಂದರೆ ನೆಲ ಮತ್ತು ಗೋಡೆ ಕೂಡುವ ಮೂಲೆ. ಹೊಸ ಕಟ್ಟಡಗಳಲ್ಲಿ ಪಂಚಾಂಗದ ಮಟ್ಟದಲ್ಲಿ ಗೋಡೆಗೆ ಅಡ್ಡಲಾಗಿ ತೇವ ತಡೆಯುವ ಕಾಂಕ್ರೀಟ್ ಪಟ್ಟಿ ಇರುತ್ತದೆ, ಹಳೆಯ ಮನೆಯಲ್ಲಿ ಅದಿಲ್ಲ. ಹಾಳೆಯನ್ನು ಗೋಡೆಯ ಬುಡಕ್ಕೆ ತಂದು ಕತ್ತರಿಸಿಬಿಟ್ಟರೆ, ಮಣ್ಣಿನ ತೇವ ಗೋಡೆಯ ಕಲ್ಲನ್ನು ಹೊಕ್ಕು, ಕಲ್ಲಿನಿಂದ ಹೊಸ ಕಾಂಕ್ರೀಟಿನ ಅಂಚಿಗೆ ದಾಟಿ, ಕೋಣೆಯ ಸುತ್ತ ಒಂದು ಅಡಿ ಅಗಲದ ಒದ್ದೆಯ ಅಂಚನ್ನು ಎಬ್ಬಿಸುತ್ತದೆ. ಮೊದಲು ಗೋಡೆಯ ಬುಡದ ಸಿಮೆಂಟ್ ಗಿಲಾವನ್ನು ಎರಡು ಅಡಿ ಎತ್ತರದವರೆಗೆ ಕಿತ್ತೆವು. ಕಲ್ಲಿನ ಸಂದಿಯ ಸಡಿಲು ಮಣ್ಣನ್ನು ಕೆರೆದು ತೆಗೆದು, ಗಾರೆ ತುಂಬಿ ಸಮ ಮಾಡಿ, ನೆಲದ ದಪ್ಪ ಮತ್ತು ಅದರ ಮೇಲೆ ನಾಲ್ಕು ಇಂಚು ಮಾತ್ರ ಪಾಲಿಮರ್ ಕಲಸಿದ ಸಿಮೆಂಟ್ ಲೇಪವನ್ನು ಎರಡು ಸಲ, ಒಂದು ಅಡ್ಡ ಒಂದು ಉದ್ದ, ಬ್ರಷ್ಷಿನಿಂದ ಬಳಿಸಿದೆವು. ಹಾಳೆಯನ್ನು ಈ ಲೇಪದ ಮೇಲೆ, ಮುಗಿದ ನೆಲದ ಮಟ್ಟಕ್ಕಿಂತ ಎರಡು ಇಂಚು ಮೇಲಕ್ಕೆ ಮಡಚಿ ಏರಿಸಿದೆವು. ಅದನ್ನು ಸ್ಕರ್ಟಿಂಗ್, ಅಂದರೆ ಗೋಡೆಯ ಬುಡದ ಪಟ್ಟಿ, ಮುಚ್ಚುತ್ತದೆ. ಅದಕ್ಕಿಂತ ಮೇಲಿನ ಗೋಡೆಗೆ ಸಿಮೆಂಟ್ ಮುಟ್ಟಿಸದೆ ಸುಣ್ಣದ ಗಾರೆಯ ಗಿಲಾವನ್ನೇ ಮಾಡಿಸಿದ್ದಕ್ಕೆ ಕಾರಣವಿದೆ. ಜಂಬಿಟ್ಟಿಗೆಯೊಳಗಿನ ತೇವ ಎಲ್ಲಾದರೂ ಆರಲೇಬೇಕು, ಮತ್ತು ಸುಣ್ಣದ ಮೂಲಕ ಅದು ಅಲ್ಲಲ್ಲೇ ಆರಿಹೋಗುತ್ತದೆ. ಸಿಮೆಂಟ್ ಗಿಲಾವು ಅದನ್ನು ತಡೆದು ಇನ್ನಷ್ಟು ಮೇಲಕ್ಕೆ ದೂಡುತ್ತದೆ.

ಕಾಂಕ್ರೀಟು 1:2:4, ದಪ್ಪ ಮೂರು ಇಂಚು. ಅದೇ ಕೋಣೆಗೆ 30 ಘನ ಅಡಿ, ಸಿಮೆಂಟು ಐದೂವರೆ ಚೀಲ. ಇಲ್ಲಿ ಜಗಳವಾಗುವುದು ನೀರಿಗೆ. 50 ಕೆ.ಜಿ. ಚೀಲಕ್ಕೆ, ಮರಳಿನಲ್ಲಿರುವ ನೀರೂ ಸೇರಿ, 25 ಲೀಟರ್ ದಾಟಬಾರದು. ಹರವುವುದು ಸುಲಭವಾಗಲೆಂದು ಮೇಲೊಂದು ಕೊಡ ಸುರಿಯುವುದು ಕೆಲಸದವರ ಕೈಗೆ ಅಂಟಿದ ಅಭ್ಯಾಸ. ಸಿಮೆಂಟಿಗೆ ಬೇಡವಾದ ನೀರು ಆರಿಹೋದ ಜಾಗ ಸೂಕ್ಷ್ಮ ರಂಧ್ರವಾಗಿಯೇ ಉಳಿಯುತ್ತದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಸಿಮೆಂಟ್ ಸಂಶೋಧಕ ಪವರ್ಸ್ ಮತ್ತು ಸಂಗಡಿಗರು ಕಂಡುಕೊಂಡಂತೆ, ಸಿಮೆಂಟಿನ ಅರ್ಧದಷ್ಟು ತೂಕದ ನೀರಿದ್ದರೆ ಸುಮಾರು 14 ದಿನ ಒದ್ದೆಯಾಗಿಟ್ಟಾಗ ಈ ರಂಧ್ರಗಳ ಸಾಲು ಅಲ್ಲಲ್ಲಿ ಮುಚ್ಚಿ ಕಡಿದುಹೋಗುತ್ತದೆ. ನೀರು 0.7 ಪಾಲು ಆದರೆ ಅದಕ್ಕೆ ಒಂದು ವರ್ಷ ಬೇಕು, ಅದಕ್ಕಿಂತ ಹೆಚ್ಚಾದರೆ ಆ ಸಾಲು ಎಂದಿಗೂ ಕಡಿಯುವುದಿಲ್ಲ. ಆ ಒಂದು ಕೊಡದ ಬೆಲೆ ಇಷ್ಟು. ಅಡಿಯಲ್ಲಿ ಪ್ಲಾಸ್ಟಿಕ್ ಇರುವುದರಿಂದ ನೀರು ಕೆಳಗೆ ಇಂಗದೆ ಮೇಲಕ್ಕೆ ಬಂದು ನಿಲ್ಲುತ್ತದೆ. ಅದನ್ನು ಹೀರಿಸಲೆಂದು ಒಣ ಸಿಮೆಂಟ್ ಚೆಲ್ಲಿ ಕರಣೆ ಆಡಿಸಿದರೆ ಮೇಲ್ಪದರ ಮುಂದೆ ಪುಡಿಯೇಳುತ್ತದೆ. ನೀರು ತಾನಾಗಿ ಆರುವವರೆಗೆ ಕಾಯುವುದೇ ಸರಿ.

ಮೇಲಿನ ಒಂದೂವರೆ ಇಂಚು ಗಾರೆಯನ್ನು, ಸಣ್ಣ ಜಲ್ಲಿ ಹಾಕಿ, ಕೆಳಗಿನ ಕಾಂಕ್ರೀಟು ಇನ್ನೂ ಹಸಿಯಿರುವಾಗಲೇ, ಗಾಜಿನ ಪಟ್ಟಿಗಳಿಂದ ನಾಲ್ಕಡಿ ಚೌಕಗಳಾಗಿ ವಿಂಗಡಿಸಿ ಮಾಡಿಸಿದೆವು. ಕೆಂಪು ಆಕ್ಸೈಡನ್ನು ಸಿಮೆಂಟಿನ ತೂಕದ ಹತ್ತನೆಯ ಒಂದು ಭಾಗಕ್ಕೆ ಮಿತಗೊಳಿಸಿ, ಎರಡನ್ನೂ ಒಣಗಿರುವಾಗಲೇ ಜರಡಿ ಹಿಡಿದು ಬೆರೆಸಬೇಕು. ಬಣ್ಣ ಹೆಚ್ಚಿದಷ್ಟೂ ಗಟ್ಟಿತನ ಇಳಿಯುತ್ತದೆ. ಮರುದಿನವೇ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿ ಎರಡು ವಾರ ಹಾಗೆಯೇ ಬಿಟ್ಟೆವು. ನೆಲದ ಮಟ್ಟ ಹಿಂದಿಗಿಂತ ಅರ್ಧ ಇಂಚು ಏರಿದ್ದರಿಂದ ಅಡಿಗೆಮನೆಯ ಬಾಗಿಲಿನ ಬುಡವನ್ನು ಬಡಗಿಯಿಂದ ಕೀಸುಳಿ ಹೊಡೆಸಬೇಕಾಯಿತು.

ನಡುಮನೆಯ ನೆಲವನ್ನು ಉಳಿಸಿಕೊಂಡದ್ದರಲ್ಲಿ ನನಗೆ ಹೆಚ್ಚು ಸಂತೋಷವಿದೆ. ಅರ್ಧ ಶತಮಾನ ಕಾಲಾಡಿ ನುಣುಪಾದ ಆ ಕೆಂಪು ಈಗಿನ ಕೆಲಸದಲ್ಲಿ ಬರುವುದಿಲ್ಲ. ನೆಲವನ್ನು ಉದ್ದಕ್ಕೂ ನಾಣ್ಯದಿಂದ ತಟ್ಟುತ್ತ ಹೋಗಿ, ಸದ್ದು ಟೊಳ್ಳೆನಿಸಿದ ಕಡೆಗಳಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದೆವು. ಆ ಭಾಗಗಳನ್ನು ಕಟಿಂಗ್ ಮಷೀನಿನಿಂದ ಚೌಕವಾಗಿ ಕತ್ತರಿಸಿ ಗಟ್ಟಿ ತಳದವರೆಗೆ ಎಬ್ಬಿಸಿ, ಹಿಂದಿನ ರಾತ್ರಿ ನೆನೆಸಿ, ಬೆಳಿಗ್ಗೆ ನಿಂತ ನೀರನ್ನು ಒರೆಸಿ, ಎಸ್‌ಬಿಆರ್ ಲೇಟೆಕ್ಸ್ (ಕೃತಕ ರಬ್ಬರಿನ ಹಾಲು) ಕಲಸಿದ ಸಿಮೆಂಟ್ ತಿಳಿಯನ್ನು ಬಳಿದು, ಅದು ಆರುವ ಮೊದಲೇ ಅದೇ ಲೇಟೆಕ್ಸ್ ಬೆರೆತ 1:3 ಗಾರೆಯನ್ನು ತುಂಬಬೇಕು. ತಿಳಿ ಒಣಗಿದ ಮೇಲೆ ತುಂಬಿದರೆ ಅದು ಅಂಟುವ ಬದಲು ಬಿಡಿಸುವ ಪದರವಾಗುತ್ತದೆ. ಕತ್ತರಿಸುವಾಗ ಏಳುವ ಧೂಳಿನಲ್ಲಿ ಶ್ವಾಸಕೋಶಕ್ಕೆ ಕೆಡುಕಾದ ಸಿಲಿಕಾ ಇರುತ್ತದೆ, ಆದ್ದರಿಂದ ನೀರು ಬಿಡುತ್ತ ಕತ್ತರಿಸುವುದು, ಮೂಗಿಗೆ ಒಳ್ಳೆಯ ಮಾಸ್ಕ್ ಹಾಕುವುದು ಅಗತ್ಯ. ತೇಪೆಯ ಬಣ್ಣ ಹಳೆಯದಕ್ಕೆ ಹೊಂದಲಿಲ್ಲ. ಹೊಂದಿಸುವ ಹಟವನ್ನೂ ನಾವು ಮಾಡಲಿಲ್ಲ.

ಬಿರುಕುಗಳಲ್ಲಿ ಬೆಳೆಯುತ್ತಿರುವುದು ಯಾವುದು, ನಿಂತಿರುವುದು ಯಾವುದು ಎಂದು ತಿಳಿಯಲು ಅವುಗಳ ಎರಡೂ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ ಒಂದು ಮಳೆಗಾಲ ನೋಡಿದ್ದೆವು. ನಿಂತ ಬಿರುಕನ್ನು ಇಂಗ್ಲಿಷಿನ ವಿ ಆಕಾರದಲ್ಲಿ ಅಗಲಿಸಿ ಅದೇ ಗಾರೆಯಿಂದ ತುಂಬಿದರಾಯಿತು. ಹೊಸ್ತಿಲ ಬಳಿಯ ಒಂದು ಬಿರುಕು ಮಾತ್ರ ಗುರುತು ದಾಟಿತ್ತು. ಅಂಥದ್ದಕ್ಕೆ ಸಿಮೆಂಟ್ ತುಂಬಿದರೆ ಪಕ್ಕದಲ್ಲಿ ಮತ್ತೆ ಸೀಳುತ್ತದೆ, ರಬ್ಬರಿನಂತೆ ಹಿಗ್ಗಿ ಕುಗ್ಗುವ ಸೀಲಂಟ್ ಹಾಕಬೇಕು. ನೆಲದ ಮೇಲೆದ್ದ ಬಿಳಿ ಉಪ್ಪನ್ನು ನೀರಿನಿಂದ ತೊಳೆಯಬಾರದು. ಅದು ಕರಗಿ ಮತ್ತೆ ಒಳಗಿಳಿಯುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ, ಗುಡಿಸಿ, ಹೊರಗೆ ಹಾಕಬೇಕು.

ಇಂಥ ಕೆಲಸವನ್ನು ಹಿಡಿಯುವ ಕಾಲವೆಂದರೆ, ಅಡಿಕೆ ಕೊಯ್ಲು ಮುಗಿದು ಆಳುಗಳು ಸಿಗುವ ಶಿವರಾತ್ರಿಯ ಆಸುಪಾಸಿನಿಂದ ಮುಂಗಾರಿನ ಮೊದಲ ಹನಿಗಳವರೆಗೆ. ದಿನಕ್ಕೆ ಒಂದು ಮಿಲಿಮೀಟರಿನಂತೆ ಕಾಂಕ್ರೀಟು ಒಣಗುತ್ತದೆ ಎಂಬ ಸ್ಥೂಲ ಲೆಕ್ಕವಿದೆ. ಅದು ಮೊದಲ 50 ಮಿಲಿಮೀಟರಿಗೆ ಹೊಂದುವ ಲೆಕ್ಕ, ಆಮೇಲೆ ವೇಗ ಇನ್ನೂ ಕುಗ್ಗುತ್ತದೆ. ನಮ್ಮ ನೆಲ ಅದರ ಎರಡು ಪಟ್ಟಿಗಿಂತ ದಪ್ಪವಿದ್ದು, ಅಡಿಯ ದಾರಿ ಮುಚ್ಚಿದ್ದರಿಂದ ಒಂದೇ ಮೈಯಿಂದ ಆರಬೇಕು. ಮೊದಲ ಮಳೆಗಾಲದಲ್ಲಿ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮಾಡಿ ಒಳಗೆ ತೇವ ಕಂಡರೆ ಗಾಬರಿಪಡಬೇಕಾಗಿಲ್ಲ, ಅದು ಕಾಂಕ್ರೀಟಿನದೇ ನೀರು. ಆ ವರ್ಷ ನೆಲಕ್ಕೆ ಎಣ್ಣೆ, ಮೇಣ, ವಾರ್ನಿಷ್ ಯಾವುದನ್ನೂ ಹಾಕದೆ, ಪ್ಲೈವುಡ್ ಕಪಾಟನ್ನು ಗೋಡೆಗೆ ಒತ್ತಿ ನಿಲ್ಲಿಸದೆ ಇದ್ದರೆ ಸಾಕು. ಎರಡನೆಯ ಮಳೆಗಾಲದಲ್ಲಿ ಉಗ್ರಾಣದ ಹಾಳೆಯ ಒಳಮೈ ಒಣಗಿತ್ತು, ಮೇಲ್ಮೈ ಎಂದಿನಂತೆ ಬೆವರಿತ್ತು.

ಬಚ್ಚಲುಮನೆಯ ಪಕ್ಕದ ಕೋಣೆಯ ನೆಲ ಇನ್ನೂ ಬಾಕಿಯಿದೆ. ಅಲ್ಲಿ ಚೈತ್ರದ ಬಿಸಿಲಿನಲ್ಲೂ ಒಂದೇ ಜಾಗ ಒದ್ದೆಯಿರುವುದರಿಂದ ಅದು ಮಣ್ಣಿನ ತೇವವೂ ಅಲ್ಲ, ಬೆವರೂ ಅಲ್ಲ, ನೆಲದಡಿ ಹಾದುಹೋಗಿರುವ ಪೈಪಿನ ಸೋರಿಕೆಯೇ ಇರಬೇಕು. ಕೊಳಾಯಿಗಳನ್ನೆಲ್ಲ ಮುಚ್ಚಿ, ಟ್ಯಾಂಕಿನ ಮಟ್ಟ ರಾತ್ರಿಯಿಂದ ಬೆಳಗಿನವರೆಗೆ ಇಳಿಯುತ್ತದೆಯೇ ಎಂದು ನೋಡಿದ ನಂತರವೇ ಅಲ್ಲಿಗೆ ಹಾರೆ ಹಾಕುವ ಯೋಚನೆಯಿದೆ.